ಘಟ್ಟದ ಊರುಗಳಿಗೆ ಆಂಬುಲೆನ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪ, ಶೃಂಗೇರಿ, ಕಳಸ, ಸಕಲೇಶಪುರ, ಮಡಿಕೇರಿ, ಸಿದ್ದಾಪುರ, ಯಲ್ಲಾಪುರ, ಜೋಯಿಡಾ. ಈ ತಾಲ್ಲೂಕುಗಳ ಒಳಹಳ್ಳಿಗಳಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಲು ಗುಡ್ಡ ಹತ್ತಿ ಇಳಿಯಬೇಕು. ತೋಟದ ಮಧ್ಯೆ ಒಂಟಿಮನೆ, ಮನೆಯ ಮುಂದೆ ಹಳ್ಳ, ಹಳ್ಳಕ್ಕೆ ಕಾಲುಸಂಕ, ಅದರಾಚೆ ಮಣ್ಣುರಸ್ತೆ. ಆಂಬುಲೆನ್ಸ್ ಬಗ್ಗೆ ಬಯಲುಸೀಮೆಯವರಿಗೆ ಹೇಳುವ ಸಲಹೆಗಳಲ್ಲಿ ಅರ್ಧದಷ್ಟು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಆದ್ದರಿಂದ ಗ್ರಾಮಸಭೆಗಳಲ್ಲಿ, ಸ್ವಸಹಾಯ ಸಂಘಗಳ ಸಭೆಗಳಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ ಕುಳಿತಾಗಲೂ ಜನ ಕೇಳುವ ಪ್ರಶ್ನೆಗಳಿಗೆ ಮಲೆನಾಡಿನ ನೆಲಕ್ಕೆ ಹೊಂದುವ ಉತ್ತರಗಳನ್ನು ಇಲ್ಲಿ ಬರೆದಿದ್ದೇನೆ. ಇವು ವೈದ್ಯರ ಮಾತಿಗೆ ಬದಲಿಯಲ್ಲ. ವೈದ್ಯರ ಬಳಿ ತಲುಪುವವರೆಗಿನ ಹೊತ್ತಿಗೆ ಬೇಕಾದ ಸಿದ್ಧತೆ ಮಾತ್ರ.

108ಕ್ಕೆ ಕರೆ ಮಾಡಬೇಕೋ, 112ಕ್ಕೋ?

ಕಾಯಿಲೆ, ಹೆರಿಗೆ, ಹಾವು ಕಡಿತ, ಬಿದ್ದು ಪೆಟ್ಟಾದದ್ದು ಇಂಥವಕ್ಕೆಲ್ಲ ನೇರವಾಗಿ 108. ಕರ್ನಾಟಕದಲ್ಲಿ ಈ ಸೇವೆ 'ಆರೋಗ್ಯ ಕವಚ' ಎಂಬ ಹೆಸರಿನಲ್ಲಿ 2008ರ ನವೆಂಬರ್ 1ರಂದು ಆರಂಭವಾಯಿತು. 112 ಎಂಬುದು ಪೊಲೀಸ್, ಅಗ್ನಿಶಾಮಕ ಮತ್ತು ವೈದ್ಯಕೀಯ ನೆರವಿಗೆ ಸೇರಿ ಇರುವ ರಾಷ್ಟ್ರೀಯ ತುರ್ತು ಸಂಖ್ಯೆ. ರಸ್ತೆ ಅಪಘಾತ, ಮರ ಬಿದ್ದು ದಾರಿ ಮುಚ್ಚಿದ್ದು, ವಾಹನ ಕಮರಿಗೆ ಉರುಳಿದ್ದು ಮುಂತಾದ ಸಂದರ್ಭಗಳಲ್ಲಿ ಆಂಬುಲೆನ್ಸ್ ಜೊತೆಗೆ ಹಗ್ಗ, ಗರಗಸ, ಪೊಲೀಸರು ಎಲ್ಲ ಬೇಕಾಗುತ್ತದೆ. ಆಗ 112 ಒಳ್ಳೆಯದು. ಇಬ್ಬರಿದ್ದರೆ ಒಬ್ಬರು 108ಕ್ಕೂ ಇನ್ನೊಬ್ಬರು 112ಕ್ಕೂ ಕರೆ ಮಾಡಲಿ.

ಜ್ವರಕ್ಕೆ ಯಾವ ಮಾತ್ರೆ, ಯಾವ ಆಸ್ಪತ್ರೆಯಲ್ಲಿ ಏನಿದೆ ಎಂಬಂಥ ವಿಚಾರಣೆಗೆ 104 ಆರೋಗ್ಯವಾಣಿ ಇದೆ. ಅದಕ್ಕಾಗಿ 108ರ ಸಾಲನ್ನು ಹಿಡಿದಿಡಬೇಡಿ.

ಹಣ ಕೊಡಬೇಕೇ?

ಬೇಡ. 108 ಸೇವೆ ಉಚಿತ. ಕಾರ್ಡು ಯಾವುದಿದೆ, ಊರು ಯಾವುದು ಎಂದು ನೋಡಿ ಕಳುಹಿಸುವ ವ್ಯವಸ್ಥೆಯಲ್ಲ ಅದು. ಎಸ್ಟೇಟ್ ಲೈನ್ ಮನೆಗಳಲ್ಲಿರುವ ಅಸ್ಸಾಂ, ಜಾರ್ಖಂಡ್, ತಮಿಳುನಾಡಿನ ಕಾರ್ಮಿಕರಿಗೂ ಅಷ್ಟೇ ಹಕ್ಕಿದೆ. ಅವರಿಗೆ ಕನ್ನಡ ಬಾರದಿರಬಹುದು, ಊರಿನ ಹೆಸರು ಸರಿಯಾಗಿ ಗೊತ್ತಿಲ್ಲದಿರಬಹುದು. ಹಾಗಾಗಿ ಅವರ ಪರವಾಗಿ ಕರೆ ಮಾಡುವ ಹೊಣೆ ತೋಟದ ಮಾಲೀಕರದ್ದು, ತೋಟದ ಲೆಕ್ಕ ನೋಡುವ ರೈಟರರದ್ದು, ಅಕ್ಕಪಕ್ಕದ ನಮ್ಮದು. ಲೈನ್ ಮನೆಯ ಗೋಡೆಯ ಮೇಲೆ ಎಸ್ಟೇಟಿನ ಹೆಸರು, ಗ್ರಾಮ ಮತ್ತು ತಾಲ್ಲೂಕನ್ನು ಅವರು ಓದಬಲ್ಲ ಲಿಪಿಯಲ್ಲಿ ಬರೆಸಿ. ಒಂದು ಡಬ್ಬಿ ಬಣ್ಣದ ಖರ್ಚು.

ಕರೆ ತೆಗೆಯುವವರು ದೂರದಲ್ಲಿರುತ್ತಾರೆ. ನಮ್ಮ ಮನೆ ಅವರಿಗೆ ಹೇಗೆ ಸಿಗುತ್ತದೆ?

ನೀವು ಹೇಗೆ ಹೇಳುತ್ತೀರಿ ಎಂಬುದರ ಮೇಲೆ. ಗಾಬರಿಯಲ್ಲಿ ಎಲ್ಲರೂ ಮೊದಲು ಮನೆತನದ ಹೆಸರು ಹೇಳುತ್ತಾರೆ, ಆಮೇಲೆ ಊರು, ತಾಲ್ಲೂಕು ಕೊನೆಗೆ. ಇದನ್ನು ತಿರುಗಿಸಿ. ಮೊದಲು ಜಿಲ್ಲೆ, ಆಮೇಲೆ ತಾಲ್ಲೂಕು, ಗ್ರಾಮ ಪಂಚಾಯಿತಿ, ಊರು, ಕೊನೆಗೆ ಮನೆ. ಒಂದೇ ಹೆಸರಿನ ಊರುಗಳು ನಮ್ಮಲ್ಲಿ ಬೇಕಾದಷ್ಟಿವೆ. ಶಿರೂರು ಎಂದರೆ ಬೈಂದೂರು ಬಳಿಯದ್ದೂ ಹೌದು, ಅಂಕೋಲಾ ತಾಲ್ಲೂಕಿನದ್ದೂ ಹೌದು. ಕೊಪ್ಪ ಎಂದರೆ ಚಿಕ್ಕಮಗಳೂರು ಜಿಲ್ಲೆಯಲ್ಲೂ ಇದೆ, ಮಂಡ್ಯ ಜಿಲ್ಲೆಯಲ್ಲೂ ಇದೆ. ಹೊಸೂರು, ಹೊಸಹಳ್ಳಿಗಳ ಲೆಕ್ಕ ಹಾಕುವುದೇ ಬೇಡ.

ಆಮೇಲೆ ಗುರುತು. 'ದೊಡ್ಡ ಹಲಸಿನ ಮರ' ಎಂದರೆ ಊರವರಿಗೆ ಮಾತ್ರ ಗೊತ್ತು. ಶಾಲೆ, ಹಾಲಿನ ಡೇರಿ, ಸೊಸೈಟಿ, ಬಸ್ ತಂಗುದಾಣ, ನ್ಯಾಯಬೆಲೆ ಅಂಗಡಿ, ಮೊಬೈಲ್ ಗೋಪುರ ಇವು ಹೊರಗಿನ ಚಾಲಕನಿಗೆ ರಾತ್ರಿಯಲ್ಲೂ ಕಾಣುವ ಗುರುತುಗಳು. ಮುಖ್ಯರಸ್ತೆ ಬಿಟ್ಟು ತಿರುಗುವ ಜಾಗಕ್ಕೆ ಒಬ್ಬರನ್ನು ಟಾರ್ಚು ಕೊಟ್ಟು ಕಳುಹಿಸಿ. ಇದೊಂದನ್ನು ಮಾಡಿದರೆ ಉಳಿಯುವ ಸಮಯ ಬೇರೆ ಯಾವ ಉಪಾಯದಿಂದಲೂ ಉಳಿಯುವುದಿಲ್ಲ. ದಟ್ಟ ಮರಗಳ ಕೆಳಗೆ ಫೋನಿನ ನಕ್ಷೆ ತಪ್ಪು ಜಾಗ ತೋರಿಸುವುದುಂಟು. ಚಾಲಕರು ಮರಳಿ ಕರೆ ಮಾಡಿದಾಗ ಅಂಗಳಕ್ಕೋ ಗದ್ದೆಬಯಲಿಗೋ ಬಂದು ನಿಂತು ನಿಮ್ಮ ಸ್ಥಳವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ.

ಕರೆ ಸ್ವೀಕರಿಸಿದವರು ಕೇಳುವ ಪ್ರಶ್ನೆಗಳಿಗೆ ರೇಗಬೇಡಿ. ರೋಗಿಗೆ ಪ್ರಜ್ಞೆ ಇದೆಯೇ, ಉಸಿರಾಟ ಹೇಗಿದೆ, ವಯಸ್ಸೆಷ್ಟು ಎಂದು ಕೇಳುವುದು ಯಾವ ಬಗೆಯ ವಾಹನ ಕಳುಹಿಸಬೇಕೆಂದು ತೀರ್ಮಾನಿಸುವುದಕ್ಕೆ. ಅವರು ಬಿಡುವವರೆಗೆ ಕರೆ ಕಡಿಯಬೇಡಿ.

ನೆಟ್‌ವರ್ಕ್ ಇಲ್ಲದ ಊರಿನವರು ಏನು ಮಾಡಬೇಕು?

ನಿಮ್ಮ ಸಿಮ್‌ನ ಸಂಕೇತ ಸಿಗದಿದ್ದರೂ ಫೋನಿನ ಪರದೆಯ ಮೇಲೆ 'ತುರ್ತು ಕರೆ ಮಾತ್ರ' ಎಂದು ಕಂಡರೆ 112 ಒತ್ತಿ ನೋಡಿ. ಬೇರೆ ಕಂಪನಿಯ ಗೋಪುರದ ಮೂಲಕ ಆ ಕರೆ ಹೋಗುವ ಅವಕಾಶವಿದೆ. ಅದೂ ಇಲ್ಲದಿದ್ದರೆ ಸಂಕೇತ ಸಿಗುವ ಜಾಗಕ್ಕೆ ಓಡಲೇಬೇಕು. ಯಾವ ದಿಬ್ಬದಲ್ಲಿ, ಯಾವ ತಿರುವಿನಲ್ಲಿ ಯಾವ ಸಿಮ್‌ಗೆ ಸಂಕೇತ ಸಿಗುತ್ತದೆ ಎಂದು ಕಾಲೇಜಿಗೆ ಹೋಗುವ ಮಕ್ಕಳಿಗೆಲ್ಲ ಗೊತ್ತಿರುತ್ತದೆ, ಮನೆಯ ಹಿರಿಯರಿಗೆ ಗೊತ್ತಿರುವುದಿಲ್ಲ. ಕೇಳಿ ತಿಳಿದುಕೊಂಡಿರಿ. ಸ್ಥಿರ ದೂರವಾಣಿ ಇನ್ನೂ ಕೆಲಸ ಮಾಡುವ ಮನೆ, ಫೈಬರ್ ಸಂಪರ್ಕದಿಂದ ವೈಫೈ ಕರೆ ಹೋಗುವ ಮನೆ ಊರಿನಲ್ಲಿ ಯಾವುದೆಂದು ಎಲ್ಲರಿಗೂ ತಿಳಿದಿರಬೇಕು. ಮಳೆಗಾಲದಲ್ಲಿ ಕರೆಂಟ್ ಹೋಗಿ ಗೋಪುರದ ಬ್ಯಾಟರಿ ಖಾಲಿಯಾದರೆ ಇಡೀ ಕಣಿವೆಯೇ ಮೂಕವಾಗುತ್ತದೆ. ಅಂಥ ದಿನಗಳಿಗೆ ಬೈಕ್ ತೆಗೆದುಕೊಂಡು ಹೊರಡುವವರು ಯಾರು ಎಂಬುದು ಮೊದಲೇ ನಿಶ್ಚಯವಾಗಿರಬೇಕು.

ಕರೆ ಮಾಡಿದ ಮೇಲೆ ಎಷ್ಟು ಹೊತ್ತಿನಲ್ಲಿ ಬರುತ್ತದೆ?

ಇಷ್ಟೇ ನಿಮಿಷ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. ತಾಲ್ಲೂಕಿಗೆ ಇರುವ ವಾಹನಗಳು ಕೆಲವೇ. ಅವುಗಳಲ್ಲಿ ಒಂದು ರೋಗಿಯನ್ನು ಹೊತ್ತು ಜಿಲ್ಲಾ ಕೇಂದ್ರಕ್ಕೆ ಹೊರಟಿತೆಂದರೆ ಹಿಂತಿರುಗುವವರೆಗೆ ಆ ಪ್ರದೇಶ ಬರಿದು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್. ಕಳಸದಿಂದ ಚಿಕ್ಕಮಗಳೂರಿಗೆ ಸುಮಾರು 90, ಅದೂ ತಿರುವಿನ ಮೇಲೆ ತಿರುವು. ಹೋಗಿ, ರೋಗಿಯನ್ನು ದಾಖಲಿಸಿ, ಬರುವಷ್ಟರಲ್ಲಿ ಅರ್ಧ ದಿನ ಕಳೆಯುತ್ತದೆ. ಕರೆ ಮಾಡಿದಾಗಲೇ ವಾಹನ ಎಲ್ಲಿಂದ ಹೊರಡುತ್ತಿದೆ ಎಂದು ಕೇಳಿ. ಆ ಉತ್ತರ ಗೊತ್ತಾದರೆ ಮುಂದಿನ ಪ್ರಶ್ನೆಯನ್ನು ನೀವೇ ಬಗೆಹರಿಸಬಹುದು.

ಹಾಗಾದರೆ ಕಾಯಬೇಕೋ, ನಮ್ಮ ಜೀಪಿನಲ್ಲೇ ಹೊರಡಬೇಕೋ?

ಮಲೆನಾಡಿನಲ್ಲಿ ಅತಿ ಹೆಚ್ಚು ಕೇಳಿಬರುವ ಪ್ರಶ್ನೆ ಇದು. ಎರಡೂ ಮಾಡಿ ಎಂಬುದೇ ನನ್ನ ಉತ್ತರ. ಮೊದಲು 108ಕ್ಕೆ ಕರೆ ಮಾಡಿ. ವಾಹನ ದೂರದಲ್ಲಿದೆ ಎಂದು ತಿಳಿದರೆ ಅವರಿಗೆ ಹೇಳಿಯೇ ಜೀಪಿನಲ್ಲೋ ಪಿಕಪ್‌ನಲ್ಲೋ ಹೊರಡಿ, ದಾರಿಯಲ್ಲಿ ಎಲ್ಲಿ ಸೇರಬೇಕೆಂದು ಗೊತ್ತುಮಾಡಿಕೊಳ್ಳಿ. ಎರಡೂ ಕಡೆಯಿಂದ ಹೊರಟವರು ನಡುವೆ ಸೇರಿದರೆ ಕಾಯುವ ಹೊತ್ತು ಬಹಳಷ್ಟು ಕಡಿಮೆಯಾಗುತ್ತದೆ. ಹೇಳದೆ ಹೊರಟರೆ ಮಾತ್ರ ಆಂಬುಲೆನ್ಸ್ ನಿಮ್ಮ ಖಾಲಿ ಮನೆಯವರೆಗೆ ಬಂದು ಹುಡುಕುತ್ತದೆ. ಅಷ್ಟು ಹೊತ್ತು ಇನ್ನೊಂದು ಊರಿನ ರೋಗಿಗೆ ವಾಹನವಿಲ್ಲ.

ಹಾವು ಕಡಿತ, ಎದೆನೋವು, ನಿಲ್ಲದ ರಕ್ತಸ್ರಾವ, ಬಾಯಿ ಸೊಟ್ಟಗಾಗಿ ಕೈಕಾಲು ಬಿದ್ದುಹೋದದ್ದು, ಕಡಜ ಇಲ್ಲವೇ ಹೆಜ್ಜೇನು ಕಡಿದು ಉಸಿರು ಕಟ್ಟುತ್ತಿರುವುದು ಇವುಗಳಲ್ಲಿ ಕಾಯುವುದಕ್ಕಿಂತ ಚಲಿಸುವುದು ಮೇಲು. ಎತ್ತರದಿಂದ ಬಿದ್ದು ಬೆನ್ನು, ಕತ್ತು ನೋವೆನ್ನುವವರನ್ನು ಮಾತ್ರ, ಅವರು ಉಸಿರಾಡುತ್ತಿದ್ದು ರಕ್ತ ಹೆಚ್ಚು ಹೋಗುತ್ತಿಲ್ಲದಿದ್ದರೆ, ಅಲುಗಿಸದೆ ಕಾಯುವುದು ಮೇಲು. ಇದನ್ನು ಮುಂದೆ ಹೇಳಿದ್ದೇನೆ.

ಜೀಪಿನಲ್ಲಿ ಹೋಗುವಾಗ ರೋಗಿಯ ಜೊತೆ ಹಿಂದೆ ಒಬ್ಬರು ಕುಳಿತು ಉಸಿರಾಟ ನೋಡುತ್ತಿರಬೇಕು. ಜೀಪಿನ ತುಂಬ ಬಂಧುಗಳು ಹತ್ತುವುದು ನಮ್ಮ ಕಡೆಯ ಪ್ರೀತಿಯ ರೀತಿ, ಆದರೆ ಅದರಿಂದ ರೋಗಿಗೆ ಮಲಗಲು ಜಾಗವೇ ಇಲ್ಲವಾಗುತ್ತದೆ. ರಕ್ತ ಕೊಡಬಲ್ಲ ಇಬ್ಬರು, ಕಾಗದಪತ್ರ ಹಿಡಿದ ಒಬ್ಬರು ಸಾಕು.

ನಮ್ಮ ಮನೆಗೆ ರಸ್ತೆಯೇ ಇಲ್ಲ. ರೋಗಿಯನ್ನು ಹೇಗೆ ಸಾಗಿಸುವುದು?

ರೋಗಿಯನ್ನು ಕಂಬಳಿ ಜೋಲಿಯಲ್ಲೋ ಕುರ್ಚಿಗೆ ಬಿದಿರು ಕಟ್ಟಿಯೋ ಹೊತ್ತು ತರುವ ಚಿತ್ರಗಳು ಪ್ರತಿ ಮಳೆಗಾಲ ಪತ್ರಿಕೆಗಳಲ್ಲಿ ಬರುತ್ತವೆ. ಖಾನಾಪುರದ ಕಾಡಿನ ಹಳ್ಳಿಗಳಿಂದ, ಮಲೆ ಮಹದೇಶ್ವರ ಬೆಟ್ಟದ ಪೋಡುಗಳಿಂದ (ಸೋಲಿಗರ ಹಾಡಿಗಳಿಂದ), ಕುದುರೆಮುಖದ ಸುತ್ತಿನಿಂದ. ನೋಡಿದವರು ಅಯ್ಯೋ ಎನ್ನುತ್ತಾರೆ, ಮರುದಿನ ಮರೆಯುತ್ತಾರೆ. ಹೊರುವವರಿಗೆ ಮಾತ್ರ ಮುಂದಿನ ವರ್ಷವೂ ಅದೇ ಕಾಲುದಾರಿ. ಆ ರಸ್ತೆ ಬರುವವರೆಗೆ ಹೊರುವ ಕೆಲಸವನ್ನಾದರೂ ಚೆನ್ನಾಗಿ ಕಲಿತಿರೋಣ.

ಜೋಲಿಯಲ್ಲಿ ದೇಹ ಬಿಲ್ಲಿನಂತೆ ಬಾಗುತ್ತದೆ. ಬೆನ್ನುಮೂಳೆಗೆ ಪೆಟ್ಟಾದವರಿಗೆ ಅದು ಅಪಾಯ, ಉಸಿರಾಟದ ತೊಂದರೆ ಇರುವವರಿಗೂ ಕಷ್ಟ. ಅಂಥವರಿಗೆ ಹಲಗೆ ಬೇಕು. ಊರಿಗೊಂದು ಮಡಚುವ ಸ್ಟ್ರೆಚರ್ ಕೊಂಡು ಶಾಲೆಯಲ್ಲೋ ಅಂಗನವಾಡಿಯಲ್ಲೋ ಇಡಬಹುದು. ಅದಿಲ್ಲದಿದ್ದರೆ ಗಟ್ಟಿಯಾದ ಬಾಗಿಲಿನ ಹಲಗೆ ಅಥವಾ ಏಣಿಯ ಮೇಲೆ ಹಾಸಿದ ಕಂಬಳಿ ನಡೆಯುತ್ತದೆ. ರೋಗಿಯನ್ನು ಎದೆ, ಸೊಂಟ, ಮೊಣಕಾಲಿನ ಮೇಲ್ಭಾಗದಲ್ಲಿ ಪಂಚೆಯಿಂದ ಹಲಗೆಗೆ ಸೇರಿಸಿ ಕಟ್ಟಿ. ಹತ್ತುವಾಗ ತಲೆ ಮುಂದೆ, ಇಳಿಯುವಾಗ ಕಾಲು ಮುಂದೆ ಇರಲಿ. ಎದೆನೋವು ಅಥವಾ ಉಬ್ಬಸ ಇರುವವರನ್ನು ಕುರ್ಚಿಯಲ್ಲಿ ಕೂರಿಸಿ ಹೊರುವುದು ಅವರಿಗೆ ಆರಾಮ. ಅವರನ್ನು ನಡೆಸಿಕೊಂಡು ಮಾತ್ರ ಬರಬೇಡಿ.

ಹೊರಲು ಕನಿಷ್ಠ ಎರಡು ತಂಡ ಬೇಕು. ನಾಲ್ವರು ಹೊರುವಾಗ ಇನ್ನು ನಾಲ್ವರು ಜೊತೆಗೆ ನಡೆದು ಬದಲಾಗುತ್ತಿರಬೇಕು. ಈಗ ಊರಿನಲ್ಲಿ ಅಷ್ಟು ಜನ ಎಲ್ಲಿದ್ದಾರೆ ಎಂದು ಹಲವರು ಕೇಳುತ್ತಾರೆ. ಅದು ನಿಜವಾದ ಕಷ್ಟ. ಮಕ್ಕಳೆಲ್ಲ ಬೆಂಗಳೂರಿನಲ್ಲಿ, ಮನೆಯಲ್ಲಿ ಎಪ್ಪತ್ತು ದಾಟಿದ ಇಬ್ಬರೇ. ಅಂಥ ಮನೆಗಳ ಪಟ್ಟಿ ಮಾಡಿ, ಪ್ರತಿ ಮನೆಗೂ ಇಂಥವರು ಬರುತ್ತಾರೆ ಎಂದು ಹೆಸರು ಹಚ್ಚಿಡಿ. ಬೆಂಗಳೂರಿನಲ್ಲಿರುವ ಮಕ್ಕಳಿಗೆ ಒಂದು ಮಾತು: ಅಪ್ಪ ಅಮ್ಮನಿಗೆ ದೊಡ್ಡ ಟಿವಿ ತಂದುಕೊಡುವ ಮುನ್ನ ಮನೆಯಿಂದ ರಸ್ತೆಯವರೆಗಿನ ದಾರಿಗೆ ಜೀಪು ಬರುವಷ್ಟು ಜಲ್ಲಿ ಹಾಕಿಸಿ, ಕಾಲುಸಂಕಕ್ಕೆ ಹಿಡಿದುಕೊಳ್ಳುವ ಕಂಬಿ ಕಟ್ಟಿಸಿ.

ಹಾವು ಕಚ್ಚಿದರೆ?

ಮಲೆನಾಡಿನಲ್ಲಿ ಇದನ್ನು ವಿವರವಾಗಿ ಹೇಳದೆ ವಿಧಿಯಿಲ್ಲ. ಕಟ್ಟು ಬಿಗಿಯಬೇಡಿ, ಗಾಯ ಕುಯ್ಯಬೇಡಿ, ಬಾಯಿಂದ ಹೀರಬೇಡಿ. ಬಿಗಿದ ಕಟ್ಟಿನಿಂದ ಕಾಲು ಕೊಳೆತು ಕತ್ತರಿಸಬೇಕಾಗಿ ಬರಬಹುದು. ಉಂಗುರ, ಬಳೆ, ಕಾಲುಂಗುರ, ಗಡಿಯಾರ ಕೂಡಲೇ ತೆಗೆಯಿರಿ, ಆಮೇಲೆ ಊತ ಬಂದರೆ ತೆಗೆಯಲು ಬರುವುದಿಲ್ಲ. ಕಚ್ಚಿದ ಕೈ ಅಥವಾ ಕಾಲಿಗೆ ಕೋಲು ಇಟ್ಟು, ಮುರಿದ ಮೂಳೆಗೆ ಮಾಡುವ ಹಾಗೆ ಸಡಿಲವಾಗಿ ಸುತ್ತಿ, ಅಲುಗದಂತೆ ನೋಡಿಕೊಳ್ಳಿ. ರೋಗಿ ನಡೆಯಬಾರದು. ಕಚ್ಚಿದ ಹೊತ್ತನ್ನು ಬರೆದಿಡಿ. ಹಾವನ್ನು ಹುಡುಕಿ ಕೊಲ್ಲಲು ಹೋಗಿ ಇನ್ನೊಬ್ಬರು ಕಚ್ಚಿಸಿಕೊಳ್ಳುವುದು ಬೇಡ. ದೂರದಿಂದ ಫೋಟೊ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೂ ಚಿಕಿತ್ಸೆ ನಡೆಯುತ್ತದೆ.

ಔಷಧವಿರುವುದು ಆಸ್ಪತ್ರೆಯಲ್ಲಿ. ಭಾರತದಲ್ಲಿ ಬಳಸುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ತಯಾರಾದದ್ದು. ಕಾಫಿ, ಅಡಿಕೆ, ಏಲಕ್ಕಿ ತೋಟಗಳ ತರಗೆಲೆಯಲ್ಲಿ ಅಡಗಿರುವ ಪುಟ್ಟ ಗುಳಿಮಂಡಲಗಳಿಗೆ ಅದು ನಾಟುವುದಿಲ್ಲ. ಹಾಗೆಂದು ಮನೆಯಲ್ಲಿ ಕೂರಬಾರದು. ಸೊಂಡಿಲಿನಂತೆ ಮೂತಿ ಮೇಲೆದ್ದ ಸಣ್ಣ ಗುಳಿಮಂಡಲದ ಕಡಿತದಿಂದ ಕೆಲವರಿಗೆ ರಕ್ತ ಹೆಪ್ಪುಗಟ್ಟದೆ, ಮೂತ್ರಪಿಂಡ ಕೆಟ್ಟು ಡಯಾಲಿಸಿಸ್ ಬೇಕಾಗುತ್ತದೆ. ಆದ್ದರಿಂದ ಆಸ್ಪತ್ರೆಯ ನಿಗಾ ಬೇಕೇ ಬೇಕು. ಮಳೆಗಾಲದ ರಾತ್ರಿ ನೆಲದ ಮೇಲೆ ಮಲಗಿದವರು ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದು, ಕಣ್ಣಿನ ರೆಪ್ಪೆ ಜೋತುಬಿದ್ದು, ಮಾತು ತೊದಲಿದರೆ ಕಟ್ಟುಹಾವಿನ ಕಡಿತವನ್ನು ಶಂಕಿಸಿ. ಅದರ ಕಡಿತದ ಗುರುತು ಕಾಣದಿರಬಹುದು, ನೋವೂ ಆಗದಿರಬಹುದು.

ನಾಟಿ ಔಷಧ ಕೊಡುವವರ ಬಗ್ಗೆ ಕೇಳುತ್ತಾರೆ. ಊರಿನಲ್ಲಿ ಅವರಿಗೆ ಗೌರವವಿದೆ, ಅವರಲ್ಲಿ ಹಲವರು ಹಣ ಮುಟ್ಟದೆ ಕೊಡುವ ಸಜ್ಜನರು. ಆದರೆ ಕಚ್ಚಿದ ಹಾವುಗಳಲ್ಲಿ ಬಹುಪಾಲು ವಿಷವಿಲ್ಲದವು. ವಿಷದ ಹಾವು ಕೂಡ ಎಷ್ಟೋ ಸಲ ವಿಷ ಬಿಡದೆ ಕಚ್ಚುತ್ತದೆ. ಬದುಕಿದವರೆಲ್ಲ ಆ ಬೇರಿನಿಂದಲೇ ಬದುಕಿದರು ಎಂಬ ನಂಬಿಕೆ ಹೀಗೆ ಬೆಳೆದಿದೆ. ನಿಜವಾಗಿ ವಿಷವೇರಿದವರಿಗೆ ಅಲ್ಲಿ ಕಳೆದ ಒಂದು ಗಂಟೆಯೇ ಪ್ರಾಣದ ಬೆಲೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಎಂದು ಘೋಷಿಸಿದೆ. ಅಂದರೆ ಆಸ್ಪತ್ರೆಗಳು ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕು. ಯಾವ ತಾಲ್ಲೂಕಿಗೆ ಎಷ್ಟು ಪ್ರತಿವಿಷ ಬೇಕು ಎಂಬ ಲೆಕ್ಕ ಆ ವರದಿಗಳಿಂದಲೇ ಹುಟ್ಟುತ್ತದೆ. ನಾಟಿ ಔಷಧಕ್ಕೆ ಹೋದವರು ಆ ಲೆಕ್ಕಕ್ಕೇ ಬರುವುದಿಲ್ಲ.

ಎದೆನೋವು, ಪಾರ್ಶ್ವವಾಯು?

'ಗ್ಯಾಸ್ ಇರಬೇಕು, ಬೆಳಿಗ್ಗೆ ನೋಡೋಣ' ಎಂಬ ಮಾತು ನಮ್ಮ ಊರುಗಳಲ್ಲಿ ಎಷ್ಟೋ ಜನರನ್ನು ಕೊಂದಿದೆ. ಎದೆ ಹಿಂಡಿದಂತಾಗಿ, ಬೆವರು ಕಿತ್ತು, ನೋವು ಎಡತೋಳಿಗೋ ದವಡೆಗೋ ಹರಡಿದರೆ ರಾತ್ರಿ ಎರಡು ಗಂಟೆಯಾದರೂ ಹೊರಡಿ. ಸಕ್ಕರೆ ಕಾಯಿಲೆ ಇರುವವರಲ್ಲಿ, ಹೆಂಗಸರಲ್ಲಿ ನೋವಿಲ್ಲದೆ ಬರೀ ಸುಸ್ತು, ಉಬ್ಬಸ, ವಾಕರಿಕೆಯಾಗಿಯೂ ಕಾಣಿಸಬಹುದು. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ದೂರದ ತಜ್ಞರು ಅದನ್ನು ನೋಡಿ, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುವ ವ್ಯವಸ್ಥೆ ಬಂದಿದೆ. ಘಟ್ಟದ ಜನರಿಗೆ ಇದು ದೊಡ್ಡ ವರ. ದೊಡ್ಡ ಆಸ್ಪತ್ರೆಗೇ ಹೋಗೋಣವೆಂದು ತಾಲ್ಲೂಕು ಆಸ್ಪತ್ರೆಯನ್ನು ದಾಟಿಕೊಂಡು ಹೋಗಬೇಡಿ. ಅಲ್ಲಿ ಇಸಿಜಿ ಮಾಡಿಸಿಯೇ ಮುಂದೆ ಹೋಗಿ.

ಪಾರ್ಶ್ವವಾಯುವಿಗೆ ಲೆಕ್ಕ ಬೇರೆ. ಹೆಪ್ಪು ಕರಗಿಸುವ ಔಷಧ ಕೊಡಲು ನಾಲ್ಕೂವರೆ ಗಂಟೆಯ ಒಳಗೆ ಬರಬೇಕು, ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಬೇಕು. ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆ ಯಾವುದು ಎಂದು ಈಗಲೇ ವಿಚಾರಿಸಿಡಿ. ರೋಗಿ ಕೊನೆಯ ಬಾರಿ ಸರಿಯಾಗಿದ್ದದ್ದು ಯಾವಾಗ ಎಂಬುದನ್ನು ವೈದ್ಯರಿಗೆ ಹೇಳಿ.

ಉಸಿರು ನಿಂತು ಕುಸಿದುಬಿದ್ದವರಿಗೆ ಎದೆಯ ನಡುವೆ ಎರಡೂ ಕೈಗಳನ್ನು ಒಂದರ ಮೇಲೊಂದಿಟ್ಟು ನಿಮಿಷಕ್ಕೆ 100ರಿಂದ 120 ಬಾರಿ, ಐದಾರು ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಊರಿನಲ್ಲಿ ಹತ್ತು ಜನರಾದರೂ ಇದನ್ನು ಕಲಿತಿರಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿಕೊಂಡು ಒಂದು ತರಬೇತಿ ಏರ್ಪಡಿಸಿ.

ಅಡಿಕೆ ಮರದಿಂದ, ಮೆಣಸಿನ ಏಣಿಯಿಂದ ಬಿದ್ದವರನ್ನು ಎತ್ತಿ ಕೂರಿಸಬಹುದೇ?

ಕೂರಿಸಬೇಡಿ, ನೀರು ಕುಡಿಸಬೇಡಿ, ಕೈ ಹಿಡಿದು ಎಬ್ಬಿಸಬೇಡಿ. ಅಡಿಕೆ ಗೊನೆ ಕೊಯ್ಯುವ ಕಾಲದಲ್ಲಿ ಆಗುವ ಬೆನ್ನುಮೂಳೆಯ ಗಾಯಗಳಲ್ಲಿ ಬಿದ್ದ ಪೆಟ್ಟಿನಷ್ಟೇ ಹಾನಿ ಎತ್ತಿದ ರೀತಿಯಿಂದಲೂ ಆಗಬಹುದು. ತಲೆ, ಕತ್ತು, ಬೆನ್ನು ಒಂದೇ ನೇರದಲ್ಲಿ ಇರುವಂತೆ ಒಬ್ಬರು ತಲೆಯನ್ನು ಎರಡೂ ಕೈಯಲ್ಲಿ ಹಿಡಿದಿರಲಿ. ಸಾಗಿಸಲೇಬೇಕಾದರೆ ನಾಲ್ಕೈದು ಜನ ಸೇರಿ, ತಲೆ ಹಿಡಿದವರ ಮಾತಿನ ಮೇಲೆ ಒಟ್ಟಿಗೇ ಮಗ್ಗುಲು ತಿರುಗಿಸಿ ಹಲಗೆ ಸೇರಿಸಿ. ಲೋಹದ ದೋಟಿ (ಕೊಯ್ಲಿನ ಉದ್ದ ಕೋಲು) ವಿದ್ಯುತ್ ತಂತಿಗೆ ತಗುಲಿ ಬಿದ್ದವರಾದರೆ ಕರೆಂಟ್ ನಿಂತಿರುವುದು ಖಾತ್ರಿಯಾಗುವವರೆಗೆ ಮುಟ್ಟಲೇಬೇಡಿ. 1912ಕ್ಕೆ ಕರೆ ಮಾಡಿ ಲೈನ್ ಬಂದ್ ಮಾಡಿಸಿ.

ಹೆರಿಗೆಗೆ ಯಾವಾಗ ಕರೆ ಮಾಡಬೇಕು?

ನೋವು ಶುರುವಾದ ಕೂಡಲೇ. ಚೊಚ್ಚಲಾದರೆ ಸಮಯವಿದೆ ಎಂದು ಕಾಯುವವರಿದ್ದಾರೆ. ಬಯಲುಸೀಮೆಯ ಲೆಕ್ಕ ಅದು. ತುಂಬ ಒಳಗಿನ ಊರಿನವರು, ಜುಲೈ–ಆಗಸ್ಟ್ ತಿಂಗಳಲ್ಲಿ ದಿನ ಬಿದ್ದವರು, ರಕ್ತಹೀನತೆ, ಅವಳಿ ಅಥವಾ ಹಿಂದೆ ಶಸ್ತ್ರಚಿಕಿತ್ಸೆ ಆದವರು ದಿನಕ್ಕೆ ಒಂದೆರಡು ವಾರ ಮೊದಲೇ ಪೇಟೆಯ ನೆಂಟರ ಮನೆಗೆ ಬಂದಿರುವುದು ಎಲ್ಲಕ್ಕಿಂತ ಸುರಕ್ಷಿತ. ಆಶಾ ಕಾರ್ಯಕರ್ತೆಗೆ ಇದನ್ನು ಮೊದಲೇ ತಿಳಿಸಿ. ನಮ್ಮ ಊರುಗಳಲ್ಲಿ ಆಂಬುಲೆನ್ಸಿಗಿಂತ ಮೊದಲು ಮನೆಗೆ ತಲುಪುವವರು ಅವರೇ, ಅದೂ ಸಣ್ಣ ಗೌರವಧನಕ್ಕೆ.

ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಮನೆಯಿಂದ ಸರ್ಕಾರಿ ಆಸ್ಪತ್ರೆಗೆ, ಅಲ್ಲಿಂದ ದೊಡ್ಡಾಸ್ಪತ್ರೆಗೆ, ಬಾಣಂತಿ ಮತ್ತು ಮಗುವನ್ನು ಮರಳಿ ಮನೆಗೆ ಕರೆತರಲು ಪ್ರಯಾಣ ಉಚಿತ. ಮರಳಿ ಬಿಡುವುದಕ್ಕೆ 'ನಗು–ಮಗು' ವಾಹನಗಳಿವೆ. ಆಸ್ಪತ್ರೆಯಲ್ಲಿ ಕೇಳಿ ಪಡೆಯಿರಿ.

ಮಳೆಗಾಲದಲ್ಲಿ ಘಾಟಿ ಕುಸಿದರೆ?

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ಮಡಿಕೇರಿ–ಸಂಪಾಜೆ ರಸ್ತೆಯೇ ಕಡಿದುಹೋಯಿತು. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿತ್ತು. ಆಗುಂಬೆ, ಚಾರ್ಮಾಡಿ, ಶಿರಾಡಿ, ಹುಲಿಕಲ್ ಈ ನಾಲ್ಕು ಘಾಟಿಗಳಲ್ಲಿ ಒಂದಾದರೂ ತೊಂದರೆಗೊಳಗಾಗದ ಮಳೆಗಾಲ ಅಪರೂಪ. ಮಣಿಪಾಲ, ಮಂಗಳೂರಿನ ಆಸ್ಪತ್ರೆಗಳನ್ನು ನಂಬಿರುವ ಘಟ್ಟದ ಮೇಲಿನವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಿವಮೊಗ್ಗ, ಚಿಕ್ಕಮಗಳೂರು, ಹಾಸನದ ಕಡೆಯ ಎರಡನೆಯ ದಾರಿಯನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು. ಡಯಾಲಿಸಿಸ್, ಕೀಮೋ ಚಿಕಿತ್ಸೆಗೆ ಘಟ್ಟ ಇಳಿಯುವವರು ಮಳೆಗಾಲದ ಮುನ್ನವೇ ವೈದ್ಯರೊಡನೆ ಮಾತನಾಡಿ. ಹೊರಡುವ ಮುನ್ನ 1077ಕ್ಕೆ ಕರೆ ಮಾಡಿದರೆ ಜಿಲ್ಲೆಯ ನಿಯಂತ್ರಣ ಕೊಠಡಿಯಿಂದ ರಸ್ತೆಯ ಸ್ಥಿತಿ ತಿಳಿಯುತ್ತದೆ.

ವೇಗದ ಬಗ್ಗೆಯೂ ಹೇಳಬೇಕು. 2022ರ ಜುಲೈನಲ್ಲಿ ಹೊನ್ನಾವರದಿಂದ ಕುಂದಾಪುರಕ್ಕೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ನಲ್ಲಿ ಒದ್ದೆ ರಸ್ತೆಯ ಮೇಲೆ ಜಾರಿ ನಾಲ್ವರು ಸತ್ತರು. ಉತ್ತರ ಕನ್ನಡಕ್ಕೆ ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಆಮೇಲೆ ಇನ್ನಷ್ಟು ಬಲವಾಯಿತು. ಚಾಲಕರನ್ನು 'ಬೇಗ, ಬೇಗ' ಎಂದು ಅವಸರಪಡಿಸಬೇಡಿ.

ಶರಾವತಿ ಹಿನ್ನೀರಿನ ಕರೂರು, ತುಮರಿ ಭಾಗದ ಜನ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ದಶಕಗಳ ಕಾಲ ಲಾಂಚನ್ನು (ವಾಹನಗಳನ್ನೂ ದಾಟಿಸುವ ದೊಡ್ಡ ದೋಣಿಯನ್ನು) ನಂಬಿ ಬದುಕಿದರು. ಸಂಜೆ ಲಾಂಚ್ ನಿಂತ ಮೇಲೆ ಹೆರಿಗೆ ನೋವು ಬಂದರೆ ಹೊಸನಗರದ ಕಡೆಯಿಂದ ಸುತ್ತಬೇಕಿತ್ತು. 2025ರ ಜುಲೈ 14ರಂದು ಸಿಗಂದೂರು ಸೇತುವೆ ತೆರೆಯಿತು. ಪ್ರವಾಸಿಗರಿಗೆ ಅದು ಚೆಂದದ ನೋಟ. ಆ ಕಡೆಯ ಮನೆಗಳಿಗೆ ರಾತ್ರಿಯೂ ಸಾಗರದ ಆಸ್ಪತ್ರೆಗೆ ಹೋಗುವ ದಾರಿ. ನಾಡಿಗೆ ಬೆಳಕು ಕೊಡಲು ಮುಳುಗಿದ ಊರಿನವರು ಅಷ್ಟು ವರ್ಷ ಕಾಯಬಾರದಿತ್ತು.

ರಾತ್ರಿ ದಾರಿಯಲ್ಲಿ ಆನೆ ಇದ್ದರೆ, ಅರಣ್ಯದ ಗೇಟು ಮುಚ್ಚಿದ್ದರೆ?

ಆಂಬುಲೆನ್ಸಿಗೆ ಗೇಟು ತೆರೆಯಲೇಬೇಕು. ಬಂಡೀಪುರದ ರಾತ್ರಿ ಸಂಚಾರ ನಿಷೇಧದಲ್ಲೂ ಆಂಬುಲೆನ್ಸಿಗೆ ವಿನಾಯಿತಿ ಇದೆ. ಆನೆಗಳಿರುವ ಸಕಲೇಶಪುರ, ಆಲೂರು, ಕೊಡಗಿನ ಕಡೆ 1926 ಅರಣ್ಯ ಸಹಾಯವಾಣಿಗೆ ಹೇಳಿದರೆ ಸ್ಥಳೀಯ ಸಿಬ್ಬಂದಿಗೆ ಸುದ್ದಿ ಮುಟ್ಟುತ್ತದೆ. ನಿಮ್ಮ ವಲಯದ ಅರಣ್ಯ ರಕ್ಷಕರ ಮೊಬೈಲ್ ಸಂಖ್ಯೆ ಊರಿನಲ್ಲಿ ಯಾರ ಬಳಿಯಾದರೂ ಇರಲಿ.

ಅಪಘಾತ ಕಂಡು ನಿಲ್ಲಿಸಿದರೆ ಪೊಲೀಸ್ ತೊಂದರೆ ಬರುವುದಿಲ್ಲವೇ?

ಬರುವುದಿಲ್ಲ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಂ ಪ್ರಕಾರ ಗಾಯಾಳುವಿಗೆ ಸದುದ್ದೇಶದಿಂದ ನೆರವಾದವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಹೊರಿಸುವಂತಿಲ್ಲ. ಹೆಸರು ಹೇಳಬೇಕೆಂದು ಒತ್ತಾಯಿಸುವಂತಿಲ್ಲ. ಆಂಬುಲೆನ್ಸಿಗೆ ದಾರಿ ಬಿಡದವರಿಗೆ ಅದೇ ಕಾಯ್ದೆಯಲ್ಲಿ 10,000 ರೂಪಾಯಿ ದಂಡವಿದೆ. ಘಾಟಿಯ ತಿರುವಿನಲ್ಲಿ ಫೋಟೊ ತೆಗೆಯಲು ಕಾರು ನಿಲ್ಲಿಸುವ ಪ್ರವಾಸಿಗರು ಇದನ್ನು ದಯವಿಟ್ಟು ನೆನಪಿಡಬೇಕು.

ಖಾಸಗಿ ಆಸ್ಪತ್ರೆಯವರು ಮುಂಗಡ ಹಣ ಕೇಳಿದರೆ?

ತುರ್ತು ಚಿಕಿತ್ಸೆಗೆ ಮುಂಗಡ ಕೇಳುವಂತಿಲ್ಲ ಎಂದು ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿ ಹೇಳುತ್ತದೆ. ಜೀವ ಉಳಿಸುವುದು ಪ್ರತಿ ವೈದ್ಯರ ಕರ್ತವ್ಯವೆಂದು ಸುಪ್ರೀಂ ಕೋರ್ಟ್ 1989ರಲ್ಲೇ ತೀರ್ಪು ನೀಡಿದೆ. ರಸ್ತೆ ಅಪಘಾತದ ಗಾಯಾಳುಗಳಿಗೆ 2025ರಲ್ಲಿ ಜಾರಿಯಾದ ಕೇಂದ್ರದ ಯೋಜನೆಯಡಿ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಇದೆ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ವರ್ಷಕ್ಕೆ ಐದು ಲಕ್ಷದವರೆಗೆ ನೆರವಿದೆ. ತುರ್ತು ಸಂದರ್ಭದಲ್ಲಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರಕ್ಕಾಗಿ ಓಡಾಡಬೇಕಿಲ್ಲ. ಪಡಿತರ ಚೀಟಿ, ಆಧಾರ್, ಹಳೆಯ ಚಿಕಿತ್ಸೆಯ ಚೀಟಿಗಳನ್ನು ಒಂದೇ ಚೀಲದಲ್ಲಿ ಹಾಕಿ ಬಾಗಿಲ ಬಳಿ ತೂಗುಹಾಕಿ.

ಊರಿನವರೇ ಸೇರಿ ಆಂಬುಲೆನ್ಸ್ ಕೊಳ್ಳಬಹುದೇ?

ಕೊಳ್ಳಬಹುದು. ಆದರೆ ಕೊಳ್ಳುವುದು ಸುಲಭ, ನಡೆಸುವುದು ಕಷ್ಟ. ದಾನಿಗಳ ಹೆಸರು ಬರೆಸಿಕೊಂಡ ವಾಹನ ಚಾಲಕನಿಲ್ಲದೆ ಶೆಡ್ಡಿನಲ್ಲಿ ನಿಲ್ಲುವುದನ್ನು ಹಲವು ಕಡೆ ನೋಡಿದ್ದೇನೆ. ಹಗಲು ರಾತ್ರಿ ಸಿಗುವ ಇಬ್ಬರು ಚಾಲಕರ ಸಂಬಳ, ವಿಮೆ, ಆಮ್ಲಜನಕ, ಟೈರು ಇವೆಲ್ಲ ಪ್ರತಿ ವರ್ಷದ ಖರ್ಚು. ಸೊಸೈಟಿಯೋ ದೇವಸ್ಥಾನವೋ ಪಂಚಾಯಿತಿಯೋ ಆ ಖರ್ಚಿಗೆ ಬರವಣಿಗೆಯಲ್ಲಿ ಒಪ್ಪಿದ ಮೇಲೆ ಮಾತ್ರ ಮುಂದುವರಿಯಿರಿ. ಅಷ್ಟು ಶಕ್ತಿ ಇಲ್ಲದಿದ್ದರೆ ಊರಿನ ಫೋರ್‌ವೀಲ್ ಜೀಪುಗಳ ಮಾಲೀಕರೊಡನೆ ಸರದಿ ಮಾಡಿಕೊಳ್ಳಿ, ಡೀಸೆಲ್ ಖರ್ಚಿಗೆ ಸಣ್ಣ ನಿಧಿ ಕೂಡಿಸಿ. ಒಂದು ಸ್ಟ್ರೆಚರ್, ಒಂದು ಆಮ್ಲಜನಕ ಸಿಲಿಂಡರ್ ಮತ್ತು ಅದನ್ನು ಬಳಸಬಲ್ಲ ಇಬ್ಬರು ಇದ್ದರೆ ಅದೇ ದೊಡ್ಡ ಆಸ್ತಿ.

ಬಂಗಾಳದ ಜಲ್ಪೈಗುರಿ ಜಿಲ್ಲೆಯ ಚಹಾ ತೋಟದ ಕಾರ್ಮಿಕ ಕರೀಮುಲ್ ಹಕ್, ಆಂಬುಲೆನ್ಸ್ ಸಿಗದೆ ತಾಯಿಯನ್ನು ಕಳೆದುಕೊಂಡ ಬಳಿಕ ತನ್ನ ಬೈಕಿನಲ್ಲೇ ರೋಗಿಗಳನ್ನು ಆಸ್ಪತ್ರೆಗೆ ಸಾಗಿಸತೊಡಗಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಕಿರಿದಾದ ತೋಟದ ದಾರಿಗಳಿಗೆ ಬೈಕ್ ಒಪ್ಪುತ್ತದೆ. ನಮ್ಮ ರಾಜ್ಯದಲ್ಲೂ 2015ರಲ್ಲಿ ಬೈಕ್ ಆಂಬುಲೆನ್ಸ್ ಬಂದಿತ್ತು, ಆದರೆ ನಗರದ ವಾಹನದಟ್ಟಣೆಗೆ ಉತ್ತರವಾಗಿ. ತರಬೇತಾದವರೊಬ್ಬರನ್ನು ಔಷಧದ ಚೀಲದೊಂದಿಗೆ ರೋಗಿಯ ಬಳಿಗೆ ಮೊದಲು ತಲುಪಿಸುವ ಬೈಕ್ ಮಲೆನಾಡಿಗೆ ಹೆಚ್ಚು ಬೇಕು.

ಹೆಲಿಕಾಪ್ಟರ್?

ಉತ್ತರಾಖಂಡದಲ್ಲಿ ರಿಷಿಕೇಶದ ಏಮ್ಸ್‌ನಿಂದ 2024ರಲ್ಲಿ ಹೆಲಿ ಆಂಬುಲೆನ್ಸ್ ಸೇವೆ ಆರಂಭವಾಯಿತು. ನಮಗೆ ತುರ್ತು ಹೆಚ್ಚಾಗುವುದು ಮಳೆ ಮತ್ತು ಮಂಜಿನ ತಿಂಗಳುಗಳಲ್ಲಿ. ಆಗಲೇ ಹೆಲಿಕಾಪ್ಟರ್ ಹಾರಲಾಗುವುದಿಲ್ಲ. ಆ ಹಣದಲ್ಲಿ ಕಾಲುಸಂಕಗಳು ಸೇತುವೆಗಳಾಗಲಿ.

ನಮ್ಮ ಹೋಬಳಿಗೆ ಇನ್ನೊಂದು ಆಂಬುಲೆನ್ಸ್ ಬೇಕೆಂದು ಕೇಳುವುದು ಹೇಗೆ?

ಮೊದಲು ವಾದವನ್ನು ಸರಿಯಾಗಿ ಕಟ್ಟಿ. ಒಂದು ಲಕ್ಷ ಜನರಿಗೆ ಒಂದು ಸಾಮಾನ್ಯ ಆಂಬುಲೆನ್ಸ್, ಐದು ಲಕ್ಷಕ್ಕೆ ಒಂದು ಸುಧಾರಿತ (ಗಂಭೀರ ರೋಗಿಗಳಿಗೆ ಬೇಕಾದ ಉಪಕರಣಗಳಿರುವ) ಆಂಬುಲೆನ್ಸ್ ಎಂಬುದು ರಾಷ್ಟ್ರೀಯ ಆರೋಗ್ಯ ಅಭಿಯಾನದ ಅಳತೆ. ಜನಸಂಖ್ಯೆ ಲೆಕ್ಕ ಹಾಕಿದರೆ ಮಲೆನಾಡಿನ ತಾಲ್ಲೂಕುಗಳು ಚಿಕ್ಕವು, ಆದ್ದರಿಂದ ಕಾಗದದ ಮೇಲೆ ನಮಗೆ ಕೊರತೆಯೇ ಕಾಣುವುದಿಲ್ಲ. ಆದರೆ ಇದೇ ಸರ್ಕಾರ ಪ್ರಾಥಮಿಕ ಆರೋಗ್ಯ ಕೇಂದ್ರ ಕೊಡುವಾಗ ಬಯಲಿನಲ್ಲಿ 30,000 ಜನರಿಗೆ ಒಂದು, ಗುಡ್ಡಗಾಡಿನಲ್ಲಿ 20,000ಕ್ಕೆ ಒಂದು ಎಂದು ಒಪ್ಪಿದೆ. ಉಪಕೇಂದ್ರಗಳಿಗೂ 5,000ದ ಬದಲು 3,000 ಎಂಬ ರಿಯಾಯಿತಿ ಇದೆ. ಗುಡ್ಡದಲ್ಲಿ ದೂರ ಹೆಚ್ಚು ಎಂಬ ಸತ್ಯ ಅವರಿಗೆ ಗೊತ್ತಿದೆ ಎಂದಾಯಿತು. ಅದೇ ನ್ಯಾಯವನ್ನು ಆಂಬುಲೆನ್ಸಿಗೂ ಅನ್ವಯಿಸಿ, ವಾಹನ ನಿಲ್ಲುವ ಜಾಗವನ್ನು ತಲೆ ಎಣಿಸಿ ಗೊತ್ತುಮಾಡುವ ಬದಲು ತಲುಪುವ ಸಮಯ ನೋಡಿ ಗೊತ್ತುಮಾಡಿ ಎಂದು ಕೇಳುವುದು ನಮ್ಮ ಹಕ್ಕು.

ಇದಕ್ಕೆ ದಾಖಲೆ ಬೇಕು. ಪ್ರತಿ ತುರ್ತು ಕರೆಯ ಬಳಿಕ ಒಂದು ಪುಸ್ತಕದಲ್ಲಿ ಬರೆದಿಡಿ: ಕರೆ ಮಾಡಿದ ಹೊತ್ತು, ವಾಹನ ಹೊರಟ ಜಾಗ, ಊರಿಗೆ ಬಂದ ಹೊತ್ತು, ಆಸ್ಪತ್ರೆ ತಲುಪಿದ ಹೊತ್ತು. ರೋಗಿಯ ಹೆಸರು ಬೇಡ. ಒಂದು ಮಳೆಗಾಲದ ಲೆಕ್ಕ ಕೈಯಲ್ಲಿದ್ದರೆ ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ, ಅದರ ಪ್ರತಿಯನ್ನು ತಾಲ್ಲೂಕು ಆರೋಗ್ಯಾಧಿಕಾರಿ, ಜಿಲ್ಲಾ ಆರೋಗ್ಯಾಧಿಕಾರಿ, ಜಿಲ್ಲಾಧಿಕಾರಿ ಮತ್ತು ಶಾಸಕರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ವಾಹನ ಎಷ್ಟು ದಿನ ಕೆಟ್ಟು ನಿಂತಿತ್ತು, ಎಷ್ಟು ಪಾಳಿಗಳಲ್ಲಿ ಸಿಬ್ಬಂದಿ ಇರಲಿಲ್ಲ ಎಂಬ ವಿವರವನ್ನು ಮಾಹಿತಿ ಹಕ್ಕಿನಡಿ ಕೇಳಬಹುದು. 108ರ ಚಾಲಕರು, ತಂತ್ರಜ್ಞರು ಸಂಬಳ ತಡವಾಯಿತೆಂದು ಮುಷ್ಕರ ಹೂಡಿದಾಗ ಅವರನ್ನು ಬೈಯುವ ಬದಲು ಅವರ ಸಂಬಳದ ಬೇಡಿಕೆಯನ್ನೂ ನಿಮ್ಮ ಮನವಿಯಲ್ಲಿ ಸೇರಿಸಿ. ರಾತ್ರಿಯ ಮಳೆಯಲ್ಲಿ ಹದಿನಾಲ್ಕು ತಿರುವುಗಳ ಆಗುಂಬೆ ಘಾಟಿ ಇಳಿಸುವವರು ಅವರು. ಇದೇ ಪುಸ್ತಕವನ್ನು ಪಕ್ಕದ ಎರಡು ಪಂಚಾಯಿತಿಗಳಲ್ಲೂ ಇಡಿಸಿದರೆ, ವಾಹನ ಎಲ್ಲಿ ನಿಂತರೆ ಮೂರೂ ಕಡೆಗೆ ಬೇಗ ತಲುಪುತ್ತದೆ ಎಂಬುದನ್ನು ನೀವೇ ನಕ್ಷೆಯ ಮೇಲೆ ಗುರುತಿಸಿ ಅಧಿಕಾರಿಗಳ ಮುಂದಿಡಬಹುದು.